ಒಣಗದ ಬಣ್ಣ

ಆ ಆಸ್ಪತ್ರೆಯ ಪಾರ್ಕಿಂಗಿನಲ್ಲಿ ಸೀಟಿ ಅಕ್ಕನಿಗೆ ಎದುರಾಡಿ ಗೆದ್ದವರಿಲ್ಲ. ಎಂಥ ದೊಡ್ಡ ಗಾಡಿಯವರೇ ಆಗಲಿ, ಅವಳು ಕೊರಳಲ್ಲಿ ತೂಗುವ ಸೀಟಿಯನ್ನು ಬಾಯಿಗಿಟ್ಟು ಒಂದು ಸಲ ಊದಿ ಅಂಗೈ ಎತ್ತಿದಳೆಂದರೆ ತೆಪ್ಪಗೆ ಬ್ರೇಕ್ ಒತ್ತಬೇಕು. ಅಪ್ಪ ಅಮ್ಮ ಇಟ್ಟ ಹೆಸರು ಒಂದಿತ್ತು, ಇಲ್ಲವೆಂದಲ್ಲ. ಆದರೆ ದೊಡ್ಡ ಡಾಕ್ಟರಿಂದ ಹಿಡಿದು ನೆಲ ಒರೆಸುವವರವರೆಗೆ ಅದನ್ನು ಕೇಳಿದವರೇ ಇರಲಿಲ್ಲ. ಕೋಪ ಮೂಗಿನ ತುದಿಯಲ್ಲೇ ಇರುತ್ತಿತ್ತು. ಗಾಡಿಯನ್ನು ಅಡ್ಡಾದಿಡ್ಡಿ ನಿಲ್ಲಿಸಿದವರಿಗೆ ಅವಳು ಮಾಡುತ್ತಿದ್ದ ಮಂಗಳಾರತಿ ಎರಡನೇ ಮಹಡಿಯ ರೋಗಿಗಳಿಗೂ ಕೇಳಿಸುತ್ತಿತ್ತು. ಕೆಲವರು ಅದನ್ನು ಕೇಳಿಯೇ ಎದ್ದು ಕೂರುತ್ತಿದ್ದರು ಎಂದು ನರ್ಸುಗಳು ನಗೆಯಾಡುತ್ತಿದ್ದರು.

ಇಂಥ ಹೆಂಗಸು ನಾಲ್ಕು ವರ್ಷದಿಂದ ಒಂದು ಸುಳ್ಳನ್ನು ಸಾಕಿಕೊಂಡು ಬಂದಿದ್ದಳು. ಸುಳ್ಳು ಎಲ್ಲೋ ಮೂಲೆಯಲ್ಲಿ ಅಡಗಿರಲಿಲ್ಲ. ಎಮರ್ಜೆನ್ಸಿ ಬಾಗಿಲಿನ ಎದುರಿಗೇ, ಹಗಲು ಬೆಳಕಿನಲ್ಲಿ, ಎರಡು ಕಾಲಿನ ಮೇಲೆ ನಿಂತಿತ್ತು. ಅದೊಂದು ತಗಡಿನ ಬೋರ್ಡು. ಅದರ ಮೇಲೆ ‘ಹಸಿ ಬಣ್ಣ, ಗಾಡಿ ನಿಲ್ಲಿಸಬೇಡಿ’ ಎಂದು ಬರೆದಿತ್ತು. ಬೋರ್ಡಿನ ಹಿಂದೆ ಮೂರು ಗಾಡಿ ನಿಲ್ಲುವಷ್ಟು ಜಾಗ, ಯಾವಾಗಲೂ ಖಾಲಿ.

ಶುರುವಾದಾಗ ಅದು ಸುಳ್ಳಲ್ಲ. ನಾಲ್ಕು ವರ್ಷದ ಹಿಂದೆ ಒಂದು ದಿನ ಪಾರ್ಕಿಂಗ್ ತುಂಬಿ ತುಳುಕುತ್ತಿದ್ದಾಗ ಒಬ್ಬ ಮನುಷ್ಯ ಜಾಗ ಸಿಗದೆ ಸುತ್ತು ಹೊಡೆದೂ ಹೊಡೆದೂ ಸಾಕಾಗಿ, ಗಾಡಿಯನ್ನು ದಾರಿಯ ನಡುವೆಯೇ ಬಿಟ್ಟು, ವಯಸ್ಸಾದ ತಂದೆಯನ್ನು ಎತ್ತಿಕೊಂಡು ಓಡಿದ್ದ. ಹಿಂದಿನ ಗಾಡಿಗಳವರು ಒಂದೇ ಸಮನೆ ಹಾರ್ನ್ ಬಾರಿಸುತ್ತಿದ್ದರು. ಆ ತಂದೆಯ ಒಂದು ಚಪ್ಪಲಿ ದಾರಿಯಲ್ಲೇ ಕಳಚಿ ಬಿತ್ತು. ಅದನ್ನು ಎತ್ತಿಟ್ಟುಕೊಂಡು ಸೀಟಿ ಅಕ್ಕ ಸಂಜೆಯವರೆಗೂ ಕಾದಳು, ಯಾರೂ ಕೇಳಿಕೊಂಡು ಬರಲಿಲ್ಲ. ಮಾರನೆಯ ದಿನ ಗೆರೆ ಬಳಿಯುವವರು ಬಂದು ಬಾಗಿಲಿನ ಎದುರಿನ ಮೂರು ಜಾಗಕ್ಕೆ ಬಿಳಿ ಬಣ್ಣ ಬಳಿದು, ಈ ಬೋರ್ಡು ನಿಲ್ಲಿಸಿ ಹೋದರು. ಬಣ್ಣ ಒಣಗಿತು. ಬೋರ್ಡನ್ನು ಒಳಗಿಡಲು ಹೋದವಳು ಎರಡು ಹೆಜ್ಜೆ ಇಟ್ಟು ನಿಂತುಬಿಟ್ಟಳು. ಇರಲಿ ಬಿಡು, ಇವತ್ತೊಂದು ದಿನ, ಅಂದುಕೊಂಡಳು.

ಆ ಒಂದು ದಿನವೇ ನಾಲ್ಕು ವರ್ಷ ನಡೆಯಿತು. ಏದುಸಿರು ಬಿಡುವವರನ್ನೋ, ರಕ್ತ ಸುರಿಯುವವರನ್ನೋ ಕೂರಿಸಿಕೊಂಡು ಗಾಡಿ ಬಂದರೆ ಅವಳು ಬೋರ್ಡನ್ನು ಕಾಲಿನಿಂದ ಸರಿಸಿ ಒಳಗೆ ಬಿಡುತ್ತಿದ್ದಳು, ರೋಗಿ ಒಳಗೆ ಹೋದ ಮೇಲೆ ಗಾಡಿ ತೆಗೆಸಿ ಬೋರ್ಡನ್ನು ಮತ್ತೆ ನಿಲ್ಲಿಸುತ್ತಿದ್ದಳು. ಯಾರಿಗಾದರೂ ಅನುಮಾನ ಬಂದೀತೆಂದು ಕಾವಲು ಕೋಣೆಯಲ್ಲಿ ಒಂದು ಪುಟ್ಟ ಡಬ್ಬಿ ಬಣ್ಣ, ಒಂದು ಬ್ರಷ್ಷು ಬೇರೆ ಇಟ್ಟುಕೊಂಡಿದ್ದಳು. ಹತ್ತು ಹದಿನೈದು ದಿನಕ್ಕೊಮ್ಮೆ ಬೆಳಿಗ್ಗೆ ಬೇಗ ಬಂದು ಗೆರೆಯ ಮೇಲೆ ಒಂದು ಸಲ ಸವರುವುದು. ಬಳಿದೂ ಬಳಿದೂ ಆ ಗೆರೆಗಳು ಎಡವುವಷ್ಟು ದಪ್ಪವಾಗಿದ್ದವು. ಈ ಗುಟ್ಟು ಗೊತ್ತಿದ್ದದ್ದು ಅವಳ ಅತ್ತೆಗೆ ಮಾತ್ರ. ಗಂಡ ಲಾರಿ ಓಡಿಸುವವನು, ಮನೆಯಲ್ಲಿ ಇರುವುದಕ್ಕಿಂತ ದಾರಿಯಲ್ಲಿ ಇರುವುದೇ ಹೆಚ್ಚು. ಹಾಗಾಗಿ ಸಂಜೆ ಮಾತಿಗೆ ಅತ್ತೆ ಸೊಸೆ ಇಬ್ಬರೇ. ಸೊಸೆಯ ಸೀರೆಯ ಅಂಚಿನಲ್ಲಿ ಬಿಳಿ ಕಲೆ ಕಂಡಾಗಲೆಲ್ಲ ಮುದುಕಿ ಕನ್ನಡಕ ಸರಿಮಾಡಿಕೊಂಡು, “ಒಣಗಿತೇನೇ ನಿನ್ನ ಬಣ್ಣ?” ಎಂದು ಕೇಳುತ್ತಿದ್ದಳು. “ಇನ್ನೂ ಇಲ್ಲ ಅತ್ತೆ,” ಎಂದು ಸೊಸೆ ಕೈ ತೊಳೆಯಲು ಹೋಗುತ್ತಿದ್ದಳು.

ಹೀಗೇ ಕಾಲ ಕಳೆದುಹೋಗುತ್ತಿತ್ತೇನೋ. ಆದರೆ ಪಾರ್ಕಿಂಗ್ ನೋಡಿಕೊಳ್ಳಲು ಒಬ್ಬ ಹೊಸ ಮ್ಯಾನೇಜರು ಬಂದರು. ಒಂದು ಸುಕ್ಕಿಲ್ಲದ ಅಂಗಿ, ಒಂದು ಸುಕ್ಕಿಲ್ಲದ ಮುಖ. ಬಂದ ವಾರದಲ್ಲೇ ಕಾವಲುಗಾರರು ಅವರಿಗೆ ಇಸ್ತ್ರಿ ಸಾಹೇಬರು ಎಂದು ಹೆಸರಿಟ್ಟರು. ಮನುಷ್ಯ ಕೆಟ್ಟವರಲ್ಲ, ಆದರೆ ನಿಯಮ ಎಂದರೆ ನಿಯಮ. ಖಾಲಿ ರಸ್ತೆಯಲ್ಲೂ ಕೆಂಪು ದೀಪಕ್ಕೆ ನಿಲ್ಲುವ ಜಾತಿ. ಬೋರ್ಡಿನ ವಿಷಯ ಕೇಳಿದಾಗ ಸೀಟಿ ಅಕ್ಕ, ಅಲ್ಲಿ ಆಂಬುಲೆನ್ಸ್ ತಿರುಗುತ್ತದೆ, ಟೈರಿಗೆ ಸಿಕ್ಕಿ ಗೆರೆ ಕಿತ್ತು ಬರುತ್ತದೆ, ಆಗಾಗ ಬಳಿಯದೆ ವಿಧಿಯಿಲ್ಲ ಎಂದು ಒಂದೇ ಉಸಿರಿಗೆ ಹೇಳಿದ್ದಳು. ಅವರು ತಲೆಯಾಡಿಸಿ ನಂಬಿದ್ದರು. ಆಮೇಲೆ ವರ್ಷದ ಹೊತ್ತಿಗೆ ಅವರು ಪ್ರತಿ ಜಾಗದ ಮೇಲೂ ಒಂದೊಂದು ಸೆನ್ಸರ್ ಕೂರಿಸಿದರು, ಗೇಟಿನಲ್ಲಿ ಎಷ್ಟು ಜಾಗ ಖಾಲಿ ಎಂದು ತೋರಿಸುವ ಕೆಂಪಕ್ಷರದ ಫಲಕ ಹಾಕಿಸಿದರು. ಅಲ್ಲಿಗೆ ಶುರುವಾಯಿತು ನೋಡಿ ಗ್ರಹಚಾರ.

ಪಾರ್ಕಿಂಗ್ ತುಂಬಿ ಸೀಟಿ ಅಕ್ಕ ಗೇಟಿಗೆ ಅಡ್ಡ ನಿಂತರೆ ಫಲಕ ಮಾತ್ರ ಅವಳ ತಲೆಯ ಮೇಲೆ ‘ಖಾಲಿ: 3’ ಎಂದು ಮಿನುಗುತ್ತಿತ್ತು. ಅಲ್ಲಿ ಬರೆದಿದೆಯಲ್ಲಮ್ಮ ಎಂದು ಒಬ್ಬ, ಕಣ್ಣು ಕಾಣುವುದಿಲ್ಲವಾ ಎಂದು ಇನ್ನೊಬ್ಬ. ಜಗಳಕ್ಕೆ ಹೆದರುವವಳಲ್ಲ ಅವಳು, ಆದರೆ ತಪ್ಪು ತನ್ನ ಕಡೆ ಇಟ್ಟುಕೊಂಡು ಜಗಳವಾಡಿ ಅಭ್ಯಾಸವಿರಲಿಲ್ಲ. ಸಾಹೇಬರು ಕೇಳಿದಾಗ ಮಿಷನ್ನೇ ಕೆಟ್ಟಿದೆ ಎಂದುಬಿಟ್ಟಳು. ಮೆಕ್ಯಾನಿಕ್ ಬಂದು ನೋಡಿ ಎಲ್ಲ ಸರಿಯಿದೆ ಎಂದ. ಎರಡನೇ ಸಲವೂ ಬಂದು ಅದನ್ನೇ ಹೇಳಿದ. ಪಾರ್ಕಿಂಗ್ ಗುತ್ತಿಗೆ ಹಿಡಿದಿದ್ದ ಯಜಮಾನರು, ಮಿಷನ್ನಿನ ತಪ್ಪೋ ಮನುಷ್ಯರ ತಪ್ಪೋ ನನಗೆ ಗೊತ್ತಾಗಬೇಕು, ಮನುಷ್ಯರ ತಪ್ಪಾಗಿದ್ದರೆ ಆ ಮನುಷ್ಯರು ನನಗೆ ಬೇಡ ಎಂದು ಫೋನಿನಲ್ಲಿ ಗುಡುಗಿದರು. ಆ ಗುಡುಗು ಕಾವಲು ಕೋಣೆಯ ಬಾಗಿಲಿನವರೆಗೂ ಕೇಳಿಸಿತು. ಅವತ್ತಿನಿಂದ ಸೀಟಿ ಅಕ್ಕನಿಗೆ ತುತ್ತು ಗಂಟಲಲ್ಲಿ ಇಳಿಯಲಿಲ್ಲ.

ಅದರ ಮೇಲೆ ಸಾಹೇಬರು ಒಂದು ಸುದ್ದಿ ತಂದರು. ದೂರದ ದೊಡ್ಡ ಪಟ್ಟಣದಲ್ಲಿ ಪಾರ್ಕಿಂಗ್ ನಡೆಸುವವರದೇ ಒಂದು ಸಮ್ಮೇಳನವಂತೆ. ಸೆನ್ಸರ್ ಮಾಡಿದ ಕಂಪನಿಯೂ ಅಲ್ಲಿ ಮಳಿಗೆ ಹಾಕುತ್ತದಂತೆ. “ನೀವೇ ಬನ್ನಿ ಅಕ್ಕ. ದಿನಾ ನೋಡೋರು ನೀವು. ಮಿಷನ್ ಏನು ತಪ್ಪು ಮಾಡ್ತಿದೆ ಅಂತ ಅವರ ಮುಂದೇನೇ ಹೇಳಿಬಿಡಿ.”

ಬರುವುದಿಲ್ಲ ಎನ್ನಲು ಅವಳಿಗೆ ನೆಪ ಹೊಳೆಯಲಿಲ್ಲ. ಮನೆಗೆ ಬಂದು ಅತ್ತೆಯ ಮುಂದೆ ಗೋಳು ತೋಡಿಕೊಂಡಳು. ಅತ್ತೆ ಎಲ್ಲವನ್ನೂ ಕೇಳಿ, ಒಳ್ಳೆ ಸೀರೆ ಉಟ್ಟುಕೊಂಡು ಹೋಗು, ಬೈಸಿಕೊಳ್ಳುವಾಗಲಾದರೂ ಲಕ್ಷಣವಾಗಿರು ಎಂದಳು. ಸಮಾಧಾನ ಹೇಳುವುದರಲ್ಲಿ ಆ ಮುದುಕಿಯದು ಎತ್ತಿದ ಕೈ.

ಸಾಹೇಬರ ಕಾರಿನಲ್ಲೇ ಹೊರಟರು. ಹಿಂದಿನ ಸೀಟಿನಲ್ಲಿ ಮಗುವನ್ನು ಕೂರಿಸುವ ಪುಟ್ಟ ಕುರ್ಚಿ ಬಿಗಿದಿತ್ತು, ಅದರಲ್ಲಿ ಒಂದೇ ಒಂದು ಕಾಲುಚೀಲ. ಸೀಟಿ ಅಕ್ಕ ದಾರಿಯುದ್ದಕ್ಕೂ ಕಿಟಕಿಯಾಚೆ ನೋಡುತ್ತ, ನಿಜ ಹೇಳಿಬಿಡಲೇ ಎಂದು ಬಾಯಿ ತೆರೆಯುವುದು, ಉಗುಳು ನುಂಗಿ ಮುಚ್ಚುವುದು, ಇದೇ ಮಾಡಿದಳು. ಸಾಹೇಬರು ಅವಳಿಗೆ ಹೊಟ್ಟೆ ತೊಳಸುತ್ತಿದೆಯೆಂದು ತಿಳಿದು ಎರಡು ಕಡೆ ಗಾಡಿ ನಿಲ್ಲಿಸಿದರು.

ಸಮ್ಮೇಳನದ ಕಟ್ಟಡದ ಮುಂದೆ ಕಂಡ ನೋಟಕ್ಕೆ ಮಾತ್ರ ಆ ಭಯದಲ್ಲೂ ಅವಳಿಗೆ ನಗು ತಡೆಯಲಾಗಲಿಲ್ಲ. ಊರೂರಿನಿಂದ ಪಾರ್ಕಿಂಗ್ ನಡೆಸುವ ಮಹಾಶಯರೆಲ್ಲ ಬಂದಿದ್ದರಲ್ಲ, ಒಬ್ಬರ ಗಾಡಿಯೂ ಗೆರೆಯೊಳಗೆ ನಿಂತಿರಲಿಲ್ಲ. ಒಂದು ಕಾರು ಮೆಟ್ಟಿಲಿಗೇ ಮೂತಿ ಒರಗಿಸಿತ್ತು. ಅವಳ ಕೈ ತಾನಾಗಿ ಕೊರಳಿನ ಸೀಟಿಗೆ ಹೋಯಿತು. ಸೀಟಿ ಮನೆಯಲ್ಲಿತ್ತು. ಒಳಗೆ ಟೀ ಸಾಲಿನಲ್ಲೂ ಅದೇ ಕಥೆ. ಅಭ್ಯಾಸಬಲದಿಂದ ಒಬ್ಬರಿಗೊಬ್ಬರು ಕೈಬೀಸಿ, ಬನ್ನಿ ಬನ್ನಿ, ಇನ್ನೂ ಸ್ವಲ್ಪ ಮುಂದೆ, ಸಾಕು ಎನ್ನುತ್ತಿದ್ದರು. ಅರೆ, ಇವರೆಲ್ಲ ನನ್ನಂಥವರೇ ಎಂದು ಅವಳಿಗೆ ಒಂದು ಗಳಿಗೆ ಹಾಯೆನಿಸಿತು.

ಸೆನ್ಸರ್ ಮಳಿಗೆಯ ಹುಡುಗ ಸಾಹೇಬರ ದೂರನ್ನೆಲ್ಲ ನಗುನಗುತ್ತ ಕೇಳಿಸಿಕೊಂಡ. ಮಿಷನ್ನು ಮೂರು ಎಂದರೆ ಮೂರೇ ಸರ್, ಅಲ್ಲಿ ಗಾಡಿ ಇರಲಿಕ್ಕಿಲ್ಲ ಎಂದ. ಅಲ್ಲಿ ಬಣ್ಣ ಬಳಿದಿದೆ, ಗಾಡಿ ಬಿಡುವಂತಿಲ್ಲ ಎಂದರು ಸಾಹೇಬರು. ಬಣ್ಣ ಯಾವಾಗ ಬಳಿದದ್ದು ಎಂದು ಹುಡುಗ ಕೇಳಿದ. ಸಾಹೇಬರು ಅವಳತ್ತ ತಿರುಗಿದರು. ಅಷ್ಟರಲ್ಲಿ ಗಂಟೆ ಬಾರಿಸಿ, ಭಾಷಣ ಶುರುವಾಗುತ್ತದೆ, ಎಲ್ಲರೂ ಒಳಗೆ ಬನ್ನಿ ಎಂದು ಕೂಗಿದರು. ಆ ಗಂಟೆ ಬಾರಿಸಿದವನ ಹೊಟ್ಟೆ ತಣ್ಣಗಿರಲಿ ಎಂದು ಮನಸ್ಸಿನಲ್ಲೇ ಹರಸಿ ಅವಳು ಎಲ್ಲರಿಗಿಂತ ಮುಂದೆ ನಡೆದಳು.

ಮಾತಾಡಲು ನಿಂತವರು ತಲೆ ಪೂರ್ತಿ ನರೆತ ಒಬ್ಬ ಹೆಂಗಸು. ಹತ್ತಾರು ಆಸ್ಪತ್ರೆಗಳ ಪಾರ್ಕಿಂಗ್ ರೂಪಿಸಿದವರಂತೆ. ಕಾಲಿಗೆ ಓಟಗಾರರ ಬೂಟು, ಮಾತಿನಲ್ಲಿ ಒಂದು ಚೂರೂ ಬಿಂಕವಿಲ್ಲ. ಪಾರ್ಕಿಂಗ್ ತುಂಬಿದೆ ಎಂದು ಹೇಳಿ ಒಳಗೆ ಒಂದಿಷ್ಟು ಜಾಗ ಬಚ್ಚಿಟ್ಟುಕೊಂಡವರು ಯಾರು ಯಾರು ಇದ್ದೀರಿ, ಕೈಯೆತ್ತಿ ಎಂದರು. ಒಬ್ಬರೂ ಎತ್ತಲಿಲ್ಲ. ಆಗ ಆಕೆ ತಮ್ಮ ಕೈಯನ್ನೇ ಎತ್ತಿದರು. ಕೆಲಸಕ್ಕೆ ಸೇರಿದ ಹೊಸದರಲ್ಲಿ ತಾವು ‘ಚರಂಡಿ ರಿಪೇರಿ’ ಎಂಬ ಬೋರ್ಡನ್ನು ವರ್ಷಗಟ್ಟಲೆ ನಿಲ್ಲಿಸಿದ್ದಾಗಿಯೂ, ಅಲ್ಲಿ ಚರಂಡಿಯೇ ಇರಲಿಲ್ಲವೆಂದೂ ಹೇಳಿದರು.

ಸಭೆ ಗೊಳ್ಳೆಂದಿತು. ಹಿಂದಿನ ಸಾಲಿನಿಂದ ಒಂದು ಕೈ ಮೇಲೆ ಬಂತು, ಆತನದು ನಾಲ್ಕು ಚಕ್ರವೂ ಇಲ್ಲದ ಒಂದು ಹಳೇ ಕಾರು, ಅವಶ್ಯಬಿದ್ದಾಗ ನೂಕಿ ಜಾಗ ಮಾಡುತ್ತಾನಂತೆ. ಚಕ್ರವಿಲ್ಲದ್ದನ್ನು ನೂಕುವುದು ಹೇಗೆ ಎಂದು ಯಾರೋ ಕೇಳಿದ್ದಕ್ಕೆ ಮತ್ತೊಂದು ನಗೆ. ಇನ್ನೊಬ್ಬನದು ‘ದೀಪ ಕೆಟ್ಟಿದೆ’ ಎಂಬ ಬೋರ್ಡು. ಮತ್ತೊಬ್ಬಳದು, ಮಂತ್ರಿಗಳು ಬರುತ್ತಾರೆಂದು ಕಟ್ಟಿ ಬಿಚ್ಚದೇ ಬಿಟ್ಟ ಹಗ್ಗ. ಕೈಗಳು ಒಂದರ ಹಿಂದೊಂದು ಏಳುತ್ತಿದ್ದವು. ನಾಲ್ಕು ವರ್ಷದಿಂದ ಈ ಲೋಕದಲ್ಲಿ ತಾನೊಬ್ಬಳೇ ಕಳ್ಳಿ ಎಂದುಕೊಂಡಿದ್ದವಳಿಗೆ ಎದೆಯ ಮೇಲಿಂದ ಯಾರೋ ಕಲ್ಲು ಎತ್ತಿದ ಹಾಗಾಯಿತು. ಪಕ್ಕದಲ್ಲಿ ಸಾಹೇಬರು ಕೂತಿದ್ದರು. ಕೂತಿರಲಿ, ಆದದ್ದಾಗಲಿ ಎಂದು ಅವಳು ಕೈಯೆತ್ತಿ ಎದ್ದು ನಿಂತೇಬಿಟ್ಟಳು.

“ಹಸಿ ಬಣ್ಣ,” ಎಂದಳು.

“ಎಷ್ಟು ದಿನದಿಂದ ಹಸಿ?” ಎಂದು ಆಕೆ ಕೇಳಿದರು.

“ನಾಲ್ಕು ವರ್ಷ ಆಯ್ತಮ್ಮ.”

ಜನ ನಕ್ಕ ನಗುವಿಗೆ ಕಿಟಕಿಯ ಗಾಜು ಅದುರಿತು. ಸೀಟಿ ಅಕ್ಕನೂ ನಕ್ಕಳು. ಸಾಹೇಬರ ಕಡೆ ಮಾತ್ರ ತಿರುಗಲಿಲ್ಲ. ನಗು ಇಳಿದ ಮೇಲೆ ಆಕೆ ಶಾಂತವಾಗಿ ಇನ್ನೊಂದು ಪ್ರಶ್ನೆ ಹಾಕಿದರು.

“ನಿಮ್ಮ ರಜೆ ದಿನ ಆ ಬೋರ್ಡ್ ಯಾರು ಸರಿಸ್ತಾರೆ?”

ವಾರಕ್ಕೊಂದು ದಿನ ಅವಳಿಗೆ ರಜೆ. ಅವತ್ತು ಕಾವಲುಗಾರರನ್ನು ಒದಗಿಸುವ ಏಜೆನ್ಸಿಯವರು ಯಾರೋ ಒಬ್ಬ ಹೊಸಬನನ್ನು ಬದಲಿಗೆ ಕಳಿಸುತ್ತಿದ್ದರು. ಅವನಿಗೆ ಅದು ಹಸಿ ಬಣ್ಣವೇ. ಇಷ್ಟು ವರ್ಷದಲ್ಲಿ ಒಮ್ಮೆಯೂ, ಒಮ್ಮೆಯೆಂದರೆ ಒಮ್ಮೆಯೂ, ಈ ಯೋಚನೆ ತನಗೆ ಬರಲಿಲ್ಲವಲ್ಲ. ಜಾಗ ಇಟ್ಟದ್ದು ತಪ್ಪಲ್ಲ, ಎಲ್ಲರದೂ ಒಳ್ಳೆ ಮನಸ್ಸೇ, ಆದರೆ ಬಚ್ಚಿಟ್ಟ ಜಾಗ ಬಚ್ಚಿಟ್ಟವರು ಇದ್ದಾಗ ಮಾತ್ರ ಜಾಗ ಎಂದು ಆಕೆ ಎಲ್ಲರಿಗೂ ಹೇಳತೊಡಗಿದರು. ರೋಗಿಯನ್ನು ಇಳಿಸಲು ಬೇರೆಯದೇ ಬಣ್ಣದ ಗೆರೆ ಹಾಕಿ, ಕಾಲು ಗಂಟೆಗಿಂತ ಹೆಚ್ಚು ನಿಲ್ಲುವಂತಿಲ್ಲ ಎಂದು ಓದುವಂತೆ ಬರೆಸಿ, ಆ ಜಾಗಗಳನ್ನು ಗೇಟಿನ ಲೆಕ್ಕದಿಂದ ಬಿಡಿಸಿ, ಆಗ ನೀವು ಇದ್ದರೂ ಇಲ್ಲದಿದ್ದರೂ ಅದು ಕೆಲಸ ಮಾಡುತ್ತದೆ ಎಂದರು. ವೇದಿಕೆಯ ಹಲಗೆಯ ಮೇಲೆ ಚಿತ್ರವನ್ನೂ ಬಿಡಿಸಿ ತೋರಿಸಿದರು. ಸೀಟಿ ಅಕ್ಕ ಕಣ್ಣು ಮಿಟುಕಿಸದೆ ಕೇಳಿದಳು. ಸೀಟಿ ಊದುವುದಕ್ಕೂ ಒಂದು ವಿದ್ಯೆ ಇದೆ ಎಂದು ಗೊತ್ತಿತ್ತು, ಗೆರೆ ಎಳೆಯುವುದಕ್ಕೂ ಇಷ್ಟೊಂದು ಇದೆ ಎಂದು ಗೊತ್ತಿರಲಿಲ್ಲ.

ಹಿಂತಿರುಗುವಾಗ ಸಾಹೇಬರ ಮುಖದಲ್ಲಿ ಮೊದಲ ಸಲ ಸುಕ್ಕು ಬಿದ್ದಿತ್ತು. ಕೆಲಸ ಹೋಯಿತು ಎಂದು ಅವಳು ಖಾತ್ರಿ ಮಾಡಿಕೊಂಡಳು. ಅರ್ಧ ದಾರಿ ಕಳೆದ ಮೇಲೆ ಅವರು ರಸ್ತೆಯ ಮೇಲಿನ ಕಣ್ಣು ಕೀಳದೆ ಮಾತಾಡಿದರು.

“ನಮ್ಮ ಪಾಪು ಹುಟ್ಟಿದ ದಿನ ನಾನು ಆ ಬೋರ್ಡಿನ ಮುಂದೇನೇ ಗಾಡಿ ತಂದು ನಿಲ್ಲಿಸಿದ್ದೆ. ಹೊಸದಾಗಿ ಸೇರಿದ್ದೆ ಆಗ. ಹಸಿ ಬಣ್ಣ ಅಂತ ಓದ್ದೆ, ರಿವರ್ಸ್ ತಗೊಂಡೆ. ಕೊನೇ ಸಾಲಿಂದ ನನ್ನ ಹೆಂಡ್ತೀನ ನಡೆಸ್ಕೊಂಡು ಬಂದೆ. ದಾರೀಲಿ ಎರಡು ಸಲ ನೆಲದ ಮೇಲೆ ಕೂತುಬಿಟ್ಲು.”

ಸೀಟಿ ಅಕ್ಕ ಅವರ ಕಡೆ ತಿರುಗಿದಳು. “ಅವತ್ತು ನಾನು...”

“ನಿಮಗೆ ರಜೆ ಇತ್ತು. ಬದಲಿಯವನೂ ಬೋರ್ಡ್ ಓದ್ದ, ನಾನೂ ಓದ್ದೆ.”

ಹಿಂದಿನ ಕುರ್ಚಿಯಲ್ಲಿದ್ದ ಕಾಲುಚೀಲದ ಕಡೆ ತಿರುಗಿ ನೋಡಲು ಅವಳಿಗೆ ಧೈರ್ಯ ಸಾಲಲಿಲ್ಲ. ಚಪ್ಪಲಿ ಕಳಚಿ ಬಿದ್ದ ಆ ಮುದುಕನನ್ನು ನೆನೆದು ನಾಲ್ಕು ವರ್ಷ ಬಣ್ಣ ಬಳಿದವಳು ತಾನು. ಆ ಬಣ್ಣವೇ ಒಬ್ಬ ಬಸುರಿಯನ್ನು ನೆಲದ ಮೇಲೆ ಕೂರಿಸಿತ್ತು. ದುಃಖ ಉಕ್ಕಿ ಬಂದು, ಸೆರಗು ಬಾಯಿಗೆ ಒತ್ತಿ ಅತ್ತಳು. ಸಾಹೇಬರು ಗಾಡಿಯನ್ನು ರಸ್ತೆಯ ಬದಿಗೆ ತಂದು ನಿಲ್ಲಿಸಿದರು, ಅಲ್ಲಿಯೂ ಗೆರೆಯೊಳಗೇ.

“ನನ್ನನ್ನ ಕೆಲಸದಿಂದ ತೆಗೆದುಬಿಡಿ ಸರ್,” ಎಂದಳು.

“ಅಳಬೇಡಿ ಅಕ್ಕ. ಇಬ್ಬರೂ ಚೆನ್ನಾಗಿದ್ದಾರೆ. ಪಾಪು ಈಗ ಗೋಡೆ ಹಿಡ್ಕೊಂಡು ನಿಲ್ತಾನೆ. ಚೆನ್ನಾಗಿದ್ದಾನೆ ಅಂತಲೇ ನನಗೆ ಇದನ್ನ ಹೇಳೋಕೆ ಬಾಯಿ ಬಂತು. ಸಿಟ್ಟು ಬಂದಿದೆ, ಸುಳ್ಳು ಹೇಳಲ್ಲ. ಆದ್ರೆ ನಿಮ್ಮನ್ನ ತೆಗೆದ್ರೆ ಆ ಮೂರು ಜಾಗಾನೂ ಹೋಗುತ್ತೆ. ನಾಳೆ ಯಜಮಾನರ ಹತ್ರ ಇಬ್ಬರೂ ಹೋಗೋಣ. ನೀವೇ ಹೇಳಬೇಕು. ನಾನು ಪಕ್ಕದಲ್ಲಿ ಇರ್ತೀನಿ.”

ಮನೆಗೆ ಬಂದಾಗ ಅತ್ತೆ ಬಾಗಿಲಲ್ಲೇ ಕಾಯುತ್ತಿದ್ದಳು. ಕೆಲಸ ಇದೆಯೋ ಹೋಯಿತೋ ಎಂದು ನೇರವಾಗಿಯೇ ಕೇಳಿದಳು. ಸೊಸೆ ಚಪ್ಪಲಿ ಬಿಡುತ್ತ, “ಗೊತ್ತಿಲ್ಲ ಅತ್ತೆ. ಆದ್ರೆ ಹೊಟ್ಟೆ ಹಸೀತಿದೆ,” ಎಂದಳು. ಎಷ್ಟೋ ದಿನದ ಮೇಲೆ ಅವಳು ಎರಡನೇ ಸಲ ಬಡಿಸಿಕೊಂಡು ಉಂಡಳು. ಅತ್ತೆ ಪಾತ್ರೆಯನ್ನು ಅವಳ ಮುಂದೆ ತಳ್ಳಿದಳು.

ಯಜಮಾನರ ಮುಂದೆ ಅವಳು ಮೊದಲಿನಿಂದ ಕೊನೆಯವರೆಗೆ ಹೇಳಿದಳು, ಬಣ್ಣದ ಡಬ್ಬಿಯನ್ನೂ ಬಿಡದೆ. ಯಜಮಾನರು ಕೂಗಾಡಿದರು, ಮೆಕ್ಯಾನಿಕ್ಕನ್ನು ಸುಮ್ಮನೆ ಅಲೆದಾಡಿಸಿದ್ದಕ್ಕೆ ಇಬ್ಬರಿಗೂ ಬೆವರಿಳಿಸಿದರು. ಆಮೇಲೆ ಸಾಹೇಬರು ಸಮ್ಮೇಳನದಲ್ಲಿ ಕಂಡ ಚಿತ್ರವನ್ನು ಕಾಗದದ ಮೇಲೆ ಬಿಡಿಸಿ ತೋರಿಸಿದರು. ಇದರಿಂದ ಗೇಟಿನ ಜಗಳ ನಿಲ್ಲುತ್ತದೋ ಎಂದು ಯಜಮಾನರು ಕೇಳಿದರು. ಫಲಕವೂ ತಾನೂ ಒಂದೇ ಮಾತು ಹೇಳಿದರೆ ನಿಲ್ಲದೆ ಏನು ಎಂದಳು ಸೀಟಿ ಅಕ್ಕ. ಹಾಗಾದರೆ ಮಾಡಿ ತೊಲಗಿ ಎಂದರು. ಕೆಲಸ ಉಳಿಯಿತು. ಉಳಿದದ್ದು ಮಾತ್ರವಲ್ಲ, ಇನ್ನು ಮುಂದೆ ಏಜೆನ್ಸಿಯಿಂದ ಬರುವ ಪ್ರತಿಯೊಬ್ಬ ಬದಲಿಯವನಿಗೂ ಮೊದಲು ಅವಳೇ ಕಲಿಸಬೇಕು, ಅವಳು ಸರಿ ಎಂದ ಮೇಲೆಯೇ ಅವನು ಗೇಟಿಗೆ ನಿಲ್ಲಬೇಕು ಎಂದೂ ಆಯಿತು. ಹೊರಗೆ ಬಂದ ಮೇಲೆ ಅವಳು ಬಿಟ್ಟ ಉಸಿರಿಗೆ ಸಾಹೇಬರ ಕೈಯಲ್ಲಿದ್ದ ಕಾಗದ ಹಾರಿತು ಎಂದು ಈಗಲೂ ಕಾವಲುಗಾರರು ಕಥೆ ಕಟ್ಟುತ್ತಾರೆ.

ಆ ವಾರವೇ ಬಣ್ಣದವರು ಬಂದು ದಪ್ಪ ಬಿಳಿ ಗೆರೆಗಳನ್ನು ಕೆರೆದು ತೆಗೆದು, ಮೂರೂ ಜಾಗದ ತುಂಬ ಹಳದಿ ಬಳಿದರು. ಬಳಿದು, ಅದೇ ಹಳೇ ಬೋರ್ಡನ್ನು ಎದುರಿಗೆ ನಿಲ್ಲಿಸಿ ಊಟಕ್ಕೆ ಹೋದರು. ನಾಲ್ಕು ವರ್ಷದಲ್ಲಿ, ಮೊದಲ ದಿನ ಬಿಟ್ಟರೆ, ಆ ಬೋರ್ಡು ನಿಜ ಹೇಳಿದ್ದು ಅವತ್ತೇ.

ಸೀಟಿ ಅಕ್ಕ ಗೇಟಿನಲ್ಲಿ ಒಬ್ಬ ಹೊಸ ಬದಲಿಯವನಿಗೆ ಪಾಠ ಹೇಳುತ್ತಿದ್ದಳು. ಆಗ ಒಂದು ಹಳೇ ಕಾರು ಅವರಿಬ್ಬರನ್ನೂ ಸವರಿಕೊಂಡು ಒಳಗೆ ನುಗ್ಗಿತು. ಪಕ್ಕದ ಸೀಟಿನಲ್ಲಿ ಒಬ್ಬ ಮುದುಕಿ, ತಲೆ ಹಿಂದಕ್ಕೆ ವಾಲಿ ಬಾಯಿ ತೆರೆದಿತ್ತು. ಕಾರು ಎಮರ್ಜೆನ್ಸಿ ಬಾಗಿಲಿನ ಎದುರಿಗೆ ಹೋಗಿ, ಬೋರ್ಡಿನ ಮುಂದೆ ಗಕ್ಕನೆ ನಿಂತಿತು. ಮುದುಕಿಯ ಮಗ ತಲೆ ಹೊರಗೆ ಹಾಕಿ ಓದಿದ. ಹಿಂಬದಿಯ ಬಿಳಿ ದೀಪ ಹೊತ್ತಿಕೊಂಡಿತು. ಅವನು ರಿವರ್ಸ್ ತೆಗೆದುಕೊಳ್ಳುತ್ತಿದ್ದ.

ಅವಳು ಅಷ್ಟು ಜೋರಾಗಿ ಸೀಟಿ ಊದಿದ್ದು ಜನ್ಮದಲ್ಲೇ ಇಲ್ಲ. ಸೆರಗು ಸೊಂಟಕ್ಕೆ ಸಿಕ್ಕಿಸಿ ಓಡಿದಳು, ಬೋರ್ಡನ್ನು ಒದ್ದಳು, ಅದು ಗೋಡೆಗೆ ಬಡಿದು ಬಿತ್ತು. ಹಸಿ ಹಳದಿಯ ಮೇಲೆ ತಾನೇ ಮೊದಲು ಕಾಲಿಟ್ಟು ನಿಂತು, ಎರಡೂ ಕೈ ಬೀಸಿ ಅವನನ್ನು ಒಳಗೆ ಕರೆದಳು. ಕಾರು ಬಂತು. ಸ್ಟ್ರೆಚರ್ ಬಂತು. ಮುದುಕಿ ಒಳಗೆ ಹೋದಳು. ಬದಲಿಯವನು ಗೇಟಿನ ಹತ್ತಿರ ಕಣ್ಣು ಬಾಯಿ ಬಿಟ್ಟುಕೊಂಡು ನಿಂತಿದ್ದ. ಕಲಿಸಬೇಕಾದದ್ದನ್ನು ಅವನು ನೋಡಿಯೇ ಕಲಿತಿದ್ದ.

ಸುಮಾರು ಹೊತ್ತಿನ ಮೇಲೆ ಆ ಮಗ ಗಾಡಿ ತೆಗೆಯಲು ಹೊರಗೆ ಬಂದ. ಮುಖ ತೊಳೆದುಕೊಂಡಿದ್ದ, ಕಣ್ಣು ಕೆಂಪಗಿದ್ದವು, ತುಟಿಯಲ್ಲಿ ನಗು ಬರಲೋ ಬೇಡವೋ ಎನ್ನುತ್ತಿತ್ತು. ಅಮ್ಮ ಉಸಿರಾಡುತ್ತಿದ್ದಾರೆ, ಮಾತಾಡಿದರು ಎಂದ. ಆಮೇಲೆ ನೆಲ ನೋಡಿದ. ಚಕ್ರದ ಅಚ್ಚು, ಚಪ್ಪಲಿಯ ಅಚ್ಚು, ಸ್ಟ್ರೆಚರಿನ ಉದ್ದನೆಯ ಎರಡು ಗೆರೆ ಬಾಗಿಲಿನವರೆಗೂ ಹಳದಿ ಹಳದಿ.

“ಅಯ್ಯೋ, ಹೊಸ ಬಣ್ಣ ಎಲ್ಲಾ ಹಾಳು ಮಾಡಿಬಿಟ್ಟೆ ಅಕ್ಕ,” ಎಂದ.

“ಹೋಗ್ಲಿ ಬಿಡಪ್ಪ,” ಎಂದಳು ಸೀಟಿ ಅಕ್ಕ. “ಅಮ್ಮನ ಹತ್ರ ಹೋಗು.”

ಸಂಜೆ ಬಣ್ಣದವರು ಬಂದು ತಲೆ ಕೆರೆದುಕೊಂಡು, ಮತ್ತೊಂದು ಸಲ ಬಳಿಯುವುದಾ ಎಂದು ಕೇಳಿದರು. ಇರಲಿ, ಯಾರಾದರೂ ಬಂದು ನಿಲ್ಲಿಸಿದ ಗುರುತು ಕಂಡರೆ ಮುಂದಿನವನು ಹೆದರದೆ ಬರುತ್ತಾನೆ ಎಂದಳು. ಬಿದ್ದ ಬೋರ್ಡನ್ನು ಎತ್ತಿ ಅವರ ಗಾಡಿಗೇ ಹಾಕಿ ಕಳಿಸಿದಳು.

ಮನೆಯ ಬಾಗಿಲಲ್ಲಿ ಅತ್ತೆ ಕನ್ನಡಕ ಸರಿಮಾಡಿಕೊಂಡು ಸೊಸೆಯ ಸೀರೆಯ ಅಂಚು ನೋಡಿದಳು. ಅಂಗೈಯಗಲದ ಹಳದಿ ಕಲೆ. ಹೊಸ ಬಣ್ಣವೋ ಎಂದು ಹುಬ್ಬೇರಿಸಿ, ಎಂದಿನಂತೆ ಕೇಳಿದಳು.

“ಒಣಗಿತೇನೇ?”

“ಒಣಗ್ತು ಅತ್ತೆ,” ಎಂದಳು ಸೊಸೆ, ಹೊಸ್ತಿಲ ಮೇಲೆ ಹಾಗೇ ಕುಸಿದು ಕೂತು. “ನಾನು ಬರೋ ಹೊತ್ತಿಗೆ ಮುಟ್ಟಿ ನೋಡ್ದೆ. ಒಣಗ್ತು.”